ಫುಕಟ್ ಸಾಲು

ಸಿದ್ದಲಿಂಗ ಮಾಸ್ತರರಿಗೆ ಮಾತು ಜಾಸ್ತಿ. ಕಾಗವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ತಾವಾಗಿಯೇ ಕಲಿತಿದ್ದರು. ಲ್ಯಾಬಿನ ಹಳೆಯ ಕಂಪ್ಯೂಟರುಗಳೆಲ್ಲ ವೈರಸ್ ಹತ್ತಿ, ಲೈಸೆನ್ಸ್ ಮುಗಿದು ಮೂಲೆ ಹಿಡಿದಿದ್ದವು. ಚಿಕ್ಕೋಡಿಯ ತರಬೇತಿಯಿಂದ ಬರುವಾಗ ಮಾಸ್ತರರು ಒಂದು ಪೆನ್‌ಡ್ರೈವ್ ತಂದು ಎಲ್ಲಕ್ಕೂ ಉಬುಂಟು ಎಂಬ ತಂತ್ರಾಂಶ ಹಾಕಿದರು. ಓಪನ್ ಸೋರ್ಸ್. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಸತ್ತಂತಿದ್ದ ಯಂತ್ರಗಳು ಒಂದೊಂದಾಗಿ ಎದ್ದು ಕೂತವು.

ಎಂಟನೆಯ ತರಗತಿಯ ನೀಲಮ ಮತ್ತು ದಾನೇಶ್ವರಿ ಒಂದೇ ಸ್ಟೂಲಿನಲ್ಲಿ ಅರ್ಧರ್ಧ ಕೂರುತ್ತಿದ್ದರು. ದಾನೇಶ್ವರಿ ಶಾಲೆಯ ಚೇರಮನ್ ಮುರಗೆಪ್ಪನವರ ಮೊಮ್ಮಗಳು. ಅವರ ದ್ರಾಕ್ಷಿ ತೋಟದಲ್ಲಿ ನೀಲಮಳ ತಾಯಿ ಅಕ್ಕುತಾಯಿ ಕೂಲಿ ಮಾಡುತ್ತಿದ್ದಳು. ಊರಿನಲ್ಲಿ ಈ ಎರಡು ಮನೆಗಳ ನಡುವೆ ಇಡೀ ಓಣಿಗಳ ಅಂತರವಿತ್ತು, ಸ್ಟೂಲಿನ ಮೇಲೆ ಇರಲಿಲ್ಲ. ನೀಲಮಳಿಗೆ ಶಾಲೆಯೆಂದರೆ ಆ ಅರ್ಧ ಸ್ಟೂಲೇ.

ಕಂಪ್ಯೂಟರಿನ ಮೆನು ಕನ್ನಡಕ್ಕೆ ಬರುತ್ತದೆ ಎಂದು ಕಂಡುಹಿಡಿದವಳೂ ಅವಳೇ.

"'ಕಡತ' ಅಂದ್ರ ಏನಲೇ?" ದಾನೇಶ್ವರಿ ಕೇಳಿದಳು.

"ನಮ್ಮಪ್ಪ ಆಫೀಸಿನ್ಯಾಗ ಈ ಟೇಬಲ್‌ದಿಂದ ಆ ಟೇಬಲ್‌ಗೆ ಹೊತಗೊಂಡ ಅಡ್ಡಾಡ್ತಾನಲ್ಲ, ಅದು."

"ಹಂಗಾರ ನಿಮ್ಮಪ್ಪ ಕಂಪ್ಯೂಟರ್ರ ಅನ್ನು!"

ಇಬ್ಬರೂ ಸ್ಟೂಲಿನಿಂದ ಬೀಳುವಷ್ಟು ನಕ್ಕರು. ಮಾಸ್ತರರೂ ನಕ್ಕರು.

ಪಾಲಕರ ಸಭೆಯಲ್ಲಿ ಅವರು ಹುರುಪಿನಿಂದಲೇ ಎದ್ದು ನಿಂತರು. ಸ್ವಾತಂತ್ರ್ಯ, ಹಂಚಿಕೊಳ್ಳುವುದು ಎಂದೆಲ್ಲ ಹೇಳತೊಡಗಿದಾಗ ಹಿಂದಿನ ಸಾಲು ಆಕಳಿಸಿತು. ಮುರಗೆಪ್ಪ ಕೈ ಎತ್ತಿದರು.

"ಅದೆಲ್ಲಾ ಇರ್ಲಿ ಮಾಸ್ತರ. ರೊಕ್ಕ ಎಷ್ಟು?"

"ರೊಕ್ಕ ಇಲ್ಲರೀ ಸಾವಕಾರ್ರ. ಪೂರಾ ಫುಕಟ್!"

ಸಭೆ ಎಚ್ಚರಾಯಿತು. ಮುರಗೆಪ್ಪನವರ ಹೆಂಡತಿ ಗೌರಾಬಾಯಿ ಸೆರಗು ಸರಿಮಾಡಿಕೊಂಡು ಕೇಳಿದರು, "ಫುಕಟ್ ಅಂದ್ರ? ರೇಷನ್ ಅಕ್ಕಿ ಇದ್ದಾಂಗೇನ್ರಿ?"

"ಹೌದ್ರಿ ಬಾಯಾರ. ಆದ್ರ ಇದರಾಗ ಕಲ್ಲ ಹಳ್ಳ ಇಲ್ಲ ನೋಡ್ರಿ!"

ಎಲ್ಲರೂ ನಕ್ಕರು. ಮಾಸ್ತರರು ಆ ಸಂಜೆ ಮನೆಗೆ ಹೋಗಿ ಹೆಂಡತಿಗೂ ಆ ಜೋಕು ಹೇಳಿದರು.

ನಕ್ಕವರು ಮಾತು ಮರೆಯಲಿಲ್ಲ. ರೇಷನ್ ಅಕ್ಕಿಯನ್ನು ಯಾರು ಉಣ್ಣುತ್ತಾರೆ, ಯಾರು ಕೋಳಿಗೆ ಹಾಕುತ್ತಾರೆ ಎಂಬುದು ಊರಿಗೆ ಗೊತ್ತಿತ್ತು. ದೀಪಾವಳಿ ರಜೆ ಮುಗಿಯುವಷ್ಟರಲ್ಲಿ ಚೇರಮನ್ನರ ದೇಣಿಗೆಯಲ್ಲಿ ಹೊಸ ಕಂಪ್ಯೂಟರುಗಳು ಬಂದು ಕಿಟಕಿಯ ಪಕ್ಕ ಕುಳಿತವು. ಲ್ಯಾಬ್ ಫೀ ಕಟ್ಟಿದವರಿಗೆ ಅವು. ಉಳಿದವರಿಗೆ ಗೋಡೆಯ ಪಕ್ಕದ ಹಳೆಯವು. ಜಾತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆದರೂ ಗೋಡೆಯ ಪಕ್ಕ ಕೂತವರೆಲ್ಲ ಒಂದೇ ಓಣಿಯ ಮಕ್ಕಳಾದರು. ದಾನೇಶ್ವರಿ ಕಿಟಕಿಗೆ ಹೋದಳು. ನೀಲಮಳಿಗೆ ಇಡೀ ಸ್ಟೂಲು ಸಿಕ್ಕಿತು.

"ಫುಕಟ್ ಸಾಲು" ಎಂದು ಹುಡುಗರು ಹೆಸರಿಟ್ಟರು. ಮಾಸ್ತರರು ಹಲಗೆಯ ಮೇಲೆ 'ಮುಕ್ತ' ಎಂದು ದಪ್ಪಗೆ ಬರೆದು, ಇನ್ನು ಮೇಲೆ ಹೀಗನ್ನಬೇಕು ಎಂದರು. ಮುರಗೆಪ್ಪನವರ ಇನ್ನೊಬ್ಬ ಮೊಮ್ಮಗ ಅಮೋಲ ಎದ್ದು, "ಸರ, ಮುಕ್ತ ಅಂದ್ರ ಫುಕಟ್ ಅಲ್ಲೇನ್ರಿ? ನೀವ ಹೇಳಿದ್ರಲ್ಲ," ಎಂದ.

ಮಾಸ್ತರರು ಮುರಗೆಪ್ಪನವರ ಮನೆಗೇ ಹೋದರು. ಸಾವಕಾರರು ಚಹಾ ಕೊಡಿಸಿದರು.

"ನಾ ಯಾರನ್ನೂ ಬ್ಯಾರೆ ಮಾಡಿಲ್ಲಪಾ. ಹಳೇದರಾಗೂ ಅಷ್ಟ ಕಲೀಬಹುದು ಅಂತ ನೀವ ಭಾಷಣಾ ಮಾಡೀರಿ. ಹಂಗಿದ್ದ ಮ್ಯಾಲ ಅಲ್ಲೆ ಕುಂತ್ರೇನು, ಇಲ್ಲೆ ಕುಂತ್ರೇನು?"

ಮಾಸ್ತರರು ಚಹಾ ಕುಡಿದು ಬಂದರು.

ಮರುವಾರ ಅಕ್ಕುತಾಯಿ ಸೆರಗಿನ ಗಂಟು ಬಿಚ್ಚಿ ಲ್ಯಾಬ್ ಫೀ ಕಟ್ಟಿದಳು. "ಸರ, ಇನ್ನ ನನ್ನ ಮಗಳಿಗೆ ಯಾರೂ ಫುಕಟ್ ಅನಬಾರದು. ಆಕೀನ್ನ ಆಕಿ ಗೆಳತಿ ಬಾಜೂಕ ಕುಂಡ್ರಸ್ರಿ."

"ಆತ ಬಿಡು ಯವ್ವಾ, ಇವತ್ತ ಕುಂಡ್ರಸ್ತೀನಿ," ಎಂದ ಮಾಸ್ತರರ ದನಿಯಲ್ಲಿ ಹಳೆಯ ಹುರುಪು ಮರಳಿತ್ತು. ಅಂದೇ ನೀಲಮಳನ್ನು ಕಿಟಕಿಯ ಪಕ್ಕ, ದಾನೇಶ್ವರಿಯ ಸ್ಟೂಲಿನಲ್ಲಿ ಕೂರಿಸಿದರು. ಹುಡುಗಿಯರಿಬ್ಬರೂ ಏನೋ ಪಿಸುಗುಟ್ಟಿ ನಕ್ಕದ್ದು ಕೇಳಿಸಿತು.

ಎರಡು ದಿನ ಕಳೆದಿರಲಿಲ್ಲ, ಅಕ್ಕುತಾಯಿ ಮತ್ತೆ ಬಂದಳು. ಸ್ಟಾಫ್ ರೂಮಿನ ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಸರ, ಆಕೀನ್ನ ಮೊದಲಿನ ಜಾಗಾಕ್ಕ ಕಳಸ್ರಿ."

"ಯಾಕ ಯವ್ವಾ? ಫೀ ಕಟ್ಟೀಯಲ್ಲ. ಹಕ್ಕ ಐತಿ ನಿಂದು."

"ಹಕ್ಕ ಐತ್ರಿ. ಪಗಾರ ಇಲ್ಲ. ನಾಳಿಂದ ತೋಟಕ್ಕ ಬರಬ್ಯಾಡ ಅಂದಾರ. ನಂಗಷ್ಟ ಅಲ್ಲ, ನಮ್ಮ ಓಣಿ ಹೆಣ್ಣಮಕ್ಕಳಿಗೆಲ್ಲಾ. ಆ ಹೆಣ್ಣಮಕ್ಕಳೆಲ್ಲಾ ಬಂದು ನನ್ನ ಬಾಗಿಲಾಗ ಕುಂತಾರ."

"ನಾ ಮತ್ತ ಸಾವಕಾರ್ರ ಕೂಡ ಮಾತಾಡ್ತೀನಿ."

"ಬ್ಯಾಡ್ರಿ ಸರ." ಅಕ್ಕುತಾಯಿ ಕೈ ಮುಗಿದಳು. "ನೀವು ಮಾತಾಡಬ್ಯಾಡ್ರಿ."

ಮಧ್ಯಾಹ್ನದ ತರಗತಿಯಲ್ಲಿ ಮಾಸ್ತರರು ಕಿಟಕಿಯ ಸಾಲಿನ ಹತ್ತಿರ ಹೋಗಿ, ಯಾರ ಮುಖವನ್ನೂ ನೋಡದೆ, "ನೀಲಮ, ಆ ಕಡೆ ಹೋಗವಾ," ಎಂದರು.

ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಿಯೇ ಕಳಿಸಿದ್ದರು. ಬರೆಯುತ್ತಿದ್ದುದನ್ನು ಉಳಿಸಿ, ಸ್ಟೂಲಿನಿಂದ ಇಳಿದು, ಗೋಡೆಯ ಪಕ್ಕ ಹೋಗಿ ಕೂತಳು.

ದಾನೇಶ್ವರಿ ಅವಳು ಹೋದ ಕಡೆ ತಿರುಗಿ ನೋಡಲಿಲ್ಲ. ಚೀಲದಿಂದ ಒಂದು ಕರವಸ್ತ್ರ ತೆಗೆದು ಮೌಸನ್ನು ಒರೆಸಿದಳು, ಕೀಬೋರ್ಡ್ ಒರೆಸಿದಳು. ಸ್ಟೂಲಿನ ಖಾಲಿ ಅರ್ಧವನ್ನೂ ಒರೆಸಿದಳು. ಮಾಸ್ತರರು ನಿಂತೇ ಇದ್ದುದನ್ನು ಕಂಡು ತಲೆ ತಗ್ಗಿಸಿ, "ಅಜ್ಜಿ ಹೇಳ್ಯಾಳ್ರಿ ಸರ," ಎಂದಳು.

ಗೋಡೆಯ ಪಕ್ಕದಿಂದ ನೀಲಮ ನೋಡುತ್ತಿದ್ದಳು. ಇಡೀ ತರಗತಿ ಮಾಸ್ತರರ ಬಾಯಿಯನ್ನೇ ನೋಡುತ್ತಿತ್ತು.

ಅವರು ಹಾಜರಿ ಕರೆಯಲು ಶುರು ಮಾಡಿದರು.