ಗೇಣುದ್ದದ ಹೆಜ್ಜೆ

ಲೊರೇನ್ ಮೂರನೇ ಸಲ ಚರ್ಚಿನ ಬಾಗಿಲು ತಳ್ಳಿ ರಸ್ತೆ ನೋಡಿದಳು. ಒಂದು ಕಾರೂ ಇಲ್ಲ. ಊರಾಚೆಯ ಮೈದಾನದಿಂದ ಬ್ಯಾಂಡಿನ ಸದ್ದು ಮಾತ್ರ ಗಾಳಿಯಲ್ಲಿ ತೇಲಿ ಬಂತು.

"ಅಯ್ಯೋ ದೇವರೇ, ಇವತ್ತು ಶನಿವಾರ!"

"ಹೌದಮ್ಮ, ನೀವೇ ಹೇಳಿದ ದಿನ," ಎಂದ ಅಂತ್ಯಕ್ರಿಯೆಯ ಉಸ್ತುವಾರಿ ಹಾರ್ಲನ್.

"ಅಕ್ಟೋಬರ್ ಶನಿವಾರ ಕಣಯ್ಯಾ! ದೇಶದ ಕಾಲೇಜುಗಳೆಲ್ಲ ಫುಟ್ಬಾಲ್ ಆಡೋ ದಿನ. ಬರ್ಬೇಕಾದವರೆಲ್ಲ ಮೈದಾನದಲ್ಲಿರ್ತಾರೆ."

ಮೂವತ್ತನಾಲ್ಕು ವರ್ಷ ಸಹಾಯಕ ಕೋಚ್‌ನ ಹೆಂಡತಿಯಾಗಿದ್ದವಳು ಅವಳು. ಶನಿವಾರ ಆಟವಿರುತ್ತದೆಂದು ಮದುವೆಯನ್ನೂ ಬುಧವಾರವೇ ಇಟ್ಟುಕೊಂಡಿದ್ದಳು. ಗಂಡ ವೆಂಡೆಲ್ ನಿವೃತ್ತನಾದ ಮೇಲೆ ಶನಿವಾರವೂ ಉಳಿದ ದಿನಗಳಂತೆ ಖಾಲಿಯಾಗಿಬಿಟ್ಟಿತ್ತು. ಅವನು ತೀರಿಕೊಂಡಾಗ ಚರ್ಚಿನವರು ಆ ದಿನ ಬಿಡುವಿದೆ ಎಂದರು, ಇವಳು ಹೂಂ ಎಂದುಬಿಟ್ಟಳು. ಕೋಚ್ ಹೆಂಡತಿಗೆ ಶನಿವಾರದ ಪಾಠ ಹೇಳಲು ಯಾರಿಗೆ ಬಾಯಿ ಬರುತ್ತದೆ? ಬರಲಾಗದವರು ಸುಮ್ಮನೆ ಹೂವು ಕಳಿಸಿದ್ದರು. ನಾಲ್ಕು ಕಾಲೇಜುಗಳ ಹೂಚಕ್ರಗಳು ಖಾಲಿ ಬೆಂಚುಗಳ ಕಡೆ ಮುಖ ಮಾಡಿ ನಿಂತಿದ್ದವು. ಅವಳಿಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

"ಶವಪೆಟ್ಟಿಗೆ ಹೊರೋದಕ್ಕೆ ಆರು ಜನ ಬೇಕು," ಹಾರ್ಲನ್ ಮೆಲ್ಲಗೆ ಹೇಳಿದ. "ನನ್ನ ಆಳುಗಳು ನಾಲ್ಕೇ ಜನ. ಗಾಲಿ ಇದೆ, ತಳ್ಕೊಂಡು ಹೋಗಬಹುದು."

"ಬೇಡ. ಹನ್ನೊಂದು ಊರಿಂದ ತಳ್ಳಿಸ್ಕೊಂಡಿದ್ದಾನೆ. ಇವತ್ತಾದ್ರೂ ಅವನನ್ನ ಹೊತ್ಕೊಂಡು ಹೋಗ್ಬೇಕು."

*

ಮುಖ್ಯ ಕೋಚ್‌ನ ಕೆಲಸ ಹೋದರೆ ಸಹಾಯಕರ ಕೆಲಸವೂ ಹೋಗುತ್ತಿತ್ತು. ಹಾಗೆ ಹನ್ನೊಂದು ಊರು, ಹನ್ನೊಂದು ಅಡುಗೆಮನೆ. ವೆಂಡೆಲ್ ಕಲಿಸುತ್ತಿದ್ದುದು ಅಮೆರಿಕನ್ ಫುಟ್ಬಾಲಿನ ಮುಂದಿನ ಸಾಲಿನ ಐವರು ದಢೂತಿಗಳಿಗೆ. ಎದುರಾಳಿಯನ್ನು ತಡೆಯುವುದಷ್ಟೇ ಅವರ ಕೆಲಸ, ಚೆಂಡು ಅವರ ಪಾಲಿಗಿಲ್ಲ. ಪ್ರತಿ ಹೊಸ ಮನೆಯಲ್ಲೂ ಸಾಮಾನು ಬಿಚ್ಚುವ ಮೊದಲೇ ಅವನು ಅಡುಗೆಮನೆಯ ನೆಲಕ್ಕೆ ಎರಡು ಪಟ್ಟಿ ಅಂಟಿಸುತ್ತಿದ್ದ. ನಡುವೆ ಒಂದೇ ಗೇಣು, ಆ ಐವರು ಇಡಬೇಕಾದ ಮೊದಲ ಹೆಜ್ಜೆಯಷ್ಟು.

"ಬಾರೇ, ಪಕ್ಕ ನಿಂತ್ಕೋ."

"ಬೀನ್ಸ್ ಸೀದು ಹೋಗತ್ತೆ ಮಾರಾಯ."

"ಎರಡೇ ನಿಮಿಷ. ಎಡಗಾಲು ಮೊದ್ಲು. ಗೇಣುದ್ದ ಸಾಕು, ಉದ್ದ ಇಟ್ಯೋ ಬಿದ್ದೆ. ಎಲ್ಲರ ಕಾಲೂ ಒಂದೇ ಸಲ ನೆಲ ಮುಟ್ಬೇಕು."

"ನೀನು ಮುಖ್ಯ ಕೋಚ್ ಆದ್ರೆ ದೊಡ್ಡ ಅಡುಗೆಮನೆ ಸಿಗತ್ತೇನೋ?"

ಅವನು ನಕ್ಕುಬಿಡುತ್ತಿದ್ದ. ಆ ಕೆಲಸಕ್ಕೆ ಅವನನ್ನು ಯಾರೂ ಒಮ್ಮೆಯೂ ಕರೆಯಲಿಲ್ಲ.

*

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ಕೋಟಿನ ಗುಂಡಿ ಹಾಕಲಾಗದಷ್ಟು ದಪ್ಪನೆಯ, ನರೆತ ಗಂಡಸೊಬ್ಬ ಏದುಸಿರು ಬಿಡುತ್ತ ಒಳಬಂದ.

"ಡೆಲ್ಬರ್ಟ್ ಒಸ್ಗುಡ್, ಮೇಡಂ. ನಿಮ್ಮ ಮೂರನೇ ಊರಲ್ಲಿ ಕೋಚ್ ಹತ್ರ ಇದ್ದೆ. ಆಡಿದವನಲ್ಲ, ನಾಲ್ಕು ವರ್ಷವೂ ಬೆಂಚು ಕಾದವನು."

"ಮ್ಯಾಚ್ ಬಿಟ್ಟು ಬಂದ್ಯೇನಪ್ಪ?"

"ಬೆಂಚಲ್ಲಿ ಕೂತೋನಿಗೆ ಯಾವ ಶನಿವಾರ ಆದ್ರೇನು ಮೇಡಂ. ನಾನು ಆಡಲ್ಲ ಅಂತ ಗೊತ್ತಿದ್ರೂ ದಿನಾ ನನ್ನ ಹೆಜ್ಜೆ ತಿದ್ದೋರು ಅವರು." ಅವನು ಪೆಟ್ಟಿಗೆಯನ್ನು ನೋಡಿ ಕಣ್ಣೊರೆಸಿಕೊಂಡ. "ಬೇರೆ ಯಾರೂ ಬಂದಿಲ್ವಾ?"

ಲೊರೇನ್ ಇಲ್ಲವೆಂದು ತಲೆಯಾಡಿಸಿದಳು.

ಅವನು ಸೀದಾ ಹೋಗಿ ಪೆಟ್ಟಿಗೆಯ ಮುಂದಿನ ಹಿಡಿಗೆ ಕೈ ಹಾಕಿದ. ನಾಲ್ವರು ಆಳುಗಳು ಜಾಗ ಹಿಡಿದರು. ಆರನೆಯವನಾಗಲು ಹಾರ್ಲನ್ ಕೋಟು ಬಿಚ್ಚತೊಡಗಿದ.

"ಬಿಡಯ್ಯಾ, ನಾನಿದ್ದೀನಿ," ಎಂದು ಲೊರೇನ್ ಅವನನ್ನು ಸರಿಸಿ ಡೆಲ್ಬರ್ಟನ ಎದುರು ಬದಿಯ ಹಿಡಿಗೆ ಕೈಯಿಟ್ಟಳು.

"ಭಾರ ಇದೆಯಮ್ಮ," ಎಂದ ಹಾರ್ಲನ್.

"ಅವನ ಭಾರ ನಂಗೊತ್ತು."

ಡೆಲ್ಬರ್ಟ್ ಆಳುಗಳ ಕಡೆ ತಿರುಗಿದ. "ನೋಡ್ರಪ್ಪಾ, ಎಲ್ಲರೂ ಎಡಗಾಲು ಮೊದ್ಲು. ಗೇಣುದ್ದ ಸಾಕು. ಮೇಡಂ, ನೀವೂ—"

ಹೇಳಬೇಕಾಗಿ ಬರಲಿಲ್ಲ. ದೂರದ ಮೈದಾನದಲ್ಲಿ ಸಾವಿರಾರು ಜನ ಹೋ ಎಂದು ಕೂಗಿದರು. ಚರ್ಚಿನ ಹಲಗೆ ನೆಲದ ಮೇಲೆ ಲೊರೇನಳ ಎಡಗಾಲು ಆಗಲೇ ಒಂದು ಗೇಣು ಮುಂದೆ ಹೋಗಿ ಉಳಿದವರಿಗಾಗಿ ಕಾದಿತ್ತು.