ಹಿಮ್ಮಡಿಯ ಕೆಳಗಿನ ಬೆಳಕು

ಚರ್ರ್ — ಯಾರದೋ ಮಗುವಿನ ಬೂಟಿನ ಅಂಟುಪಟ್ಟಿ ಕಿತ್ತ ಸದ್ದು, ಹೊಸ ರೇಷ್ಮೆ ಹರಿದಂತೆ, ಮಂಜಮ್ಮನ ಹಲ್ಲು ಜುಮ್ಮೆಂದವು, ಅಂಟಿಸುವಾಗ ಸುಮ್ಮನಿರುತ್ತದೆ ಕಿತ್ತರೆ ಚೀರುತ್ತದೆ ಹಾಳು ಪಟ್ಟಿ, ಚಳ್ಳಕೆರೆಯ ಈ ಶಾಮಿಯಾನದ ಕೆಳಗೆ ಸಾಲುಸಾಲು ಮಕ್ಕಳು, ಸಾಲುಸಾಲು ಬಿಳೀ ಪ್ಲಾಸ್ಟಿಕ್ ಬೂಟು, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರು ಇನ್ನೂ ಮಾತಾಡುತ್ತಲೇ ಇದ್ದಾರೆ, ಅವರ ಭಾಷಣ ಬೆಳೆಯುತ್ತದೆ, ಮಕ್ಕಳ ಕಾಲೂ ಬೆಳೆಯುತ್ತದೆ, ಯಾವುದೂ ಯಾರನ್ನೂ ಕೇಳಿ ಬೆಳೆಯುವುದಿಲ್ಲ. ಮಡಿಲಲ್ಲಿ ದಿವ್ಯಾ, ಏಳು ತುಂಬಿದ ಮಗಳು, ಹುಟ್ಟಿದಾಗ ಅಳಲಿಲ್ಲ, ಉಸಿರು ತಡವಾಗಿ ಬಂತು, ಏಟು ಬಿದ್ದಿರೋದು ಮಿದುಳಿಗೆ ಕಾಲಿಗಲ್ಲ ಅಂದಿದ್ದರು ಡಾಕ್ಟರು, ಕಾಲಿಗಲ್ಲದಿದ್ದರೆ ಮತ್ತೆ ಕಾಲೇಕೆ ಹೀಗೆ, ಬೆರಳ ತುದಿಯ ಮೇಲೆ ನಿಲ್ಲುತ್ತಾಳೆ, ಹಿಮ್ಮಡಿಗೂ ನೆಲಕ್ಕೂ ನಡುವೆ ಲಾಳಿ ತೂರುವಷ್ಟು ಸಂದು, ಆ ಸಂದಿನಲ್ಲಿ ಬೆಳಕು. ಮೊಳಕಾಲ್ಮುರಿನಲ್ಲಿ ಮಗ್ಗದ ಗುಂಡಿಗೆ ಕಾಲಿಳಿಸಿ ನೆಲದ ಮಟ್ಟಕ್ಕೆ ಕೂತವಳಿಗೆ ಮೊದಲು ಕಾಣುವುದೇ ಕಾಲುಗಳು, ಆ ಬೆಳಕನ್ನು ನೋಡುತ್ತಾ ನೋಡುತ್ತಾ ಎಷ್ಟು ಹೆಣ್ಣುಗಳ ಮದುವೆ ಸೀರೆ ನೇಯ್ದಳೋ — ಅತ್ತೆ ಕೊಲ್ಲಾಪುರಮ್ಮ ಮೊಮ್ಮಗಳನ್ನು ಅದೇ ಗುಂಡಿಯ ಅಂಚಿಗೆ ಕೂರಿಸಿ, ಮಗ್ಗ ತುಳಿಯುವ ಹಲಗೆಯ ಮೇಲೆ ಆ ಪುಟ್ಟ ಪಾದ ಇಟ್ಟು, ತೊಕ್ಕವೇ ತಲ್ಲೀ, ತುಳಿ ತುಳಿ, ನೇಯೋರ ಮನೇಲಿ ಮಗ್ಗಕ್ಕಿಂತ ದೊಡ್ಡ ಡಾಕ್ಟ್ರು ಯಾವನವ್ನೆ, ಓಣಿಯೆಲ್ಲ ಭೇಷ್ ಅಂದಿತು, ಕಾಲು ಗಟ್ಟಿಯಾಯಿತು, ಗಟ್ಟಿಯಾಗಿ ಕೆಳಮುಖವಾಯಿತು. ಬೆಳಗ್ಗೆ ಇಲ್ಲೇ ಶಿಬಿರದಲ್ಲಿ ಪಾದ ಹಿಡಿದು ನೋಡಿದ ಡಾಕ್ಟರಮ್ಮ, ತಾನೇ ಇನ್ನೂ ಚಿಕ್ಕ ಹುಡುಗಿ, ಮಗ್ಗ ತುಳಿಸ್ತಿದ್ರಾ, ಅಯ್ಯೋ ಅಮ್ಮಾ, ತುಳಿದಷ್ಟೂ ಮೀನಖಂಡ ಹಿಮ್ಮಡೀನ ಮೇಲಕ್ಕೆ ಎಳೆಯುತ್ತೆ, ಮೂಳೆ ಬೆಳೀತಿದೆ, ಮೀನಖಂಡ ಅದರ ಸಮಕ್ಕೆ ಬೆಳೀತಿಲ್ಲ, ಈಗಲೇ ಸರಿಯಾದ ಅಳತೆಯ ಬೂಟು ಹಾಕಿ ಹಿಗ್ಗಿಸದಿದ್ರೆ ಆಮೇಲೆ ಹಿಮ್ಮಡಿ ನರ ಕೊಯ್ದು ಉದ್ದ ಮಾಡೋದೊಂದೇ ದಾರಿ — ಮಂಜಮ್ಮನಿಗೆ ಬಿಡಿಸಿ ಹೇಳಬೇಕೇ, ಒಂದೆಳೆ ನೆನೆದು ಕುಗ್ಗಿದರೆ ಪಕ್ಕದೆಳೆ ಎಷ್ಟು ಉದ್ದವಿದ್ದರೇನು, ಸೀರೆ ಸುರುಟಿಕೊಳ್ಳುತ್ತದೆ, ಸುರುಟಿದ ಸೀರೆಯನ್ನು ಸಾಹುಕಾರ ನೇಯ್ದವಳ ಮುಖಕ್ಕೆಸೆಯುತ್ತಾನೆ, ಸುರುಟಿದ ಈ ಕಾಲನ್ನು ನಾನು ಯಾರ ಮುಖಕ್ಕೆಸೆಯಲಿ.

ಅಳತೆ ತೆಗೆದದ್ದು ಹೋದ ವರ್ಷ, ಮೊಳಕಾಲ್ಮುರಿನ ಶಾಲೆಯಲ್ಲಿ, ಕಾಲಿಗೆ ಪ್ಲಾಸ್ಟರಿನ ಹಸಿ ಪಟ್ಟಿ ಸುತ್ತಿ ಅಚ್ಚು ತೆಗೆದರು, ಅವ್ವಾ ಬೆಚ್ಚಗೈತೆ ಅಂತ ದಿವ್ಯಾ ನಕ್ಕಿದ್ದಳು, ಬೂಟು ಕೊಡುವುದು ಇವತ್ತು, ಅತಿಥಿಗಳಿಗೆ ಪುರುಸೊತ್ತು ಸಿಕ್ಕಲಿಲ್ಲವಂತೆ, ತಯಾರಾಗಿ ಗೋದಾಮಿನಲ್ಲಿ ಕೂತಿದ್ದವಂತೆ ಬೂಟುಗಳು, ಬೂಟು ಕೂತಿತು, ಕಾಲು ಕೂರುತ್ತದೆಯೇ. ಈಗ ಶಿಬಿರದ ಜಯದೇವಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು ತುರುಕುತ್ತಿದ್ದಾನೆ, ಒತ್ತಮ್ಮ ಒತ್ತು, ಮುಂದಿನ ಹೆಸರು ನಿಂದೇ, ಚಿಕ್ಕದಾಗೈತ್ರಿ ಸಾರ್, ಆಗ್ಲಿ ಬಿಡಮ್ಮ, ಒಂದು ಫೋಟೋ ಹೊತ್ತು ತಡ್ಕಳಾಕಾಗಲ್ವಾ, ಹೊಸ ಅಳತೆ ತಗಳ್ರಿ, ಅದೆಲ್ಲ ಮುಂದಿನ ಸಲ, ಕೊಟ್ಟಿದ್ದು ಬ್ಯಾಡ ಅಂದ್ರೆ ಹೆಸರೇ ಹೊಡ್ದಾಕ್ತಾರೆ ನೋಡು — ತಗೊಂಡರೆ ಕೊಟ್ಟಾಯಿತು ಅನ್ನುತ್ತಾರೆ, ಬೇಡವೆಂದರೆ ಬೇಡವಂತೆ ಅನ್ನುತ್ತಾರೆ, ಎರಡರಲ್ಲೂ ಮುಂದಿನ ಸಲ, ಮುಂದಿನ ಸಲಕ್ಕೆ ಈ ಮೂಳೆ ಇನ್ನೆಷ್ಟು ಉದ್ದವಾಗಿರುತ್ತದೋ, ಅವ್ವಾ, ಬೆರಳು ಮಡಿಚ್ಕಂಡೈತೆ, ಸುಮ್ಕಿರು ನನ್ನವ್ವ, ಪಟ್ಟಿ ಎಳೆದು ಬಿಗಿದದ್ದು ಜಯದೇವಪ್ಪನ ಕೈಯೋ ತನ್ನದೋ, ಮೈಕಿನಲ್ಲಿ ಕುಮಾರಿ ದಿವ್ಯಾ, ಮೊಳಕಾಲ್ಮುರು, ಮೆಟ್ಟಿಲು, ಹೂವಿನ ವಾಸನೆ, ಹಿಡಿದು ನಿಲ್ಲಿಸಿದಳು. ಬೂಟಿನ ತಳ ವೇದಿಕೆಯ ಹಲಗೆಗೆ ಚಪ್ಪಟೆಯಾಗಿ ಕೂತಿದೆ, ಚಪ್ಪಾಳೆ, ನೋಡಿ ಬಂಧುಗಳೇ ಹೇಗೆ ನಿಂತಿದ್ದಾಳೆ ನಮ್ಮ ಕೂಸು, ನಗು ಪುಟ್ಟೀ ನಗು, ಫೋಟೋದವನು ರೀಲು ಸುತ್ತುತ್ತಾನೆ, ಫೋಟೋದಲ್ಲಿ ಕಾಲು ನೆಲ ಮುಟ್ಟಿರುತ್ತದೆ, ನಾಳೆ ಪೇಪರಿನಲ್ಲೂ ಮುಟ್ಟಿರುತ್ತದೆ, ಒಳಗೆ, ಈ ಬಿಳೀ ಪ್ಲಾಸ್ಟಿಕ್ಕಿನ ಒಳಗೆ, ಹಿಮ್ಮಡಿ ಗಾಳಿಯಲ್ಲಿದೆ, ಬಲ್ಲವಳು ನಾನೊಬ್ಬಳೇ, ಇಲ್ಲ, ಅವಳೂ ಬಲ್ಲಳು, ತುಟಿ ಕಚ್ಚಿಕೊಂಡು ನಗುತ್ತಿದ್ದಾಳೆ ನನ್ನ ಮಗಳು, ಹೇಳಿದ್ದಕ್ಕೆ ನಗುವುದನ್ನು ಇಷ್ಟು ಬೇಗ ಯಾರು ಕಲಿಸಿದರು ಇವಳಿಗೆ, ಕೆಳಗಿಳಿದು ಬಿಚ್ಚಿದರಾಯಿತು ಬಿಡು ಅಂದುಕೊಳ್ಳುವಷ್ಟರಲ್ಲಿ ಮಗಳ ಕಾಲ ಬಳಿ ಕೂತಾಗಿತ್ತು, ಕೈ ಪಟ್ಟಿಯ ಮೇಲಿತ್ತು — ಚರ್ರ್ — ಮೈಕು ಅದನ್ನೂ ಮೈದಾನಕ್ಕೆಲ್ಲ ಹಂಚಿತು, ಚಪ್ಪಾಳೆ ನಿಂತಿತು, ಏಯ್, ಏನಮ್ಮಾ ಮಾಡ್ತಿದೀಯಾ, ನಿಮ್ಮ ಬೂಟು ತೆಗೀತಿದೀನ್ರಿ ಸಾರ್, ಫೋಟೋ ಈಗ ಹೊಡೀರಿ, ಅಳತೆ ಇಲ್ಲೇ ತಗಳ್ರಿ, ತಗಳೋವರ್ಗೂ ನಾವು ಇಳಿಯಲ್ಲ. ಬರಿಗಾಲು, ಮಡಿಚಿದ್ದ ಬೆರಳ ಮೇಲೆ ಕೆಂಪು ಬರೆ, ಅವ್ವನ ಭುಜ ಹಿಡಿದು ತುದಿಗಾಲಲ್ಲಿ ಮಗಳು, ಯಾರೋ ಕೂಗುತ್ತಿದ್ದಾರೆ, ಯಾರೋ ತೋಳು ಹಿಡಿದೆಳೆಯುತ್ತಿದ್ದಾರೆ, ಮಂಜಮ್ಮ ಕೂತಲ್ಲಿಂದ ಏಳುತ್ತಿಲ್ಲ, ಕಣ್ಣು ಹಲಗೆಯ ಮಟ್ಟಕ್ಕೆ, ಮಗ್ಗದ ಮುಂದೆ ಕೂತ ಹಾಗೆಯೇ, ಹಿಮ್ಮಡಿ, ಹಲಗೆ, ನಡುವೆ ಲಾಳಿ ತೂರುವಷ್ಟು ಸಂದು, ಸಂದಿನಲ್ಲಿ ಬೆಳಕು, ಹಿಮ್ಮಡಿ ಇಳಿಯುತ್ತಿಲ್ಲ, ಬೆಳಕು, ಇಳಿಯುತ್ತಿಲ್ಲ, ಬೆಳಕು —