ಎರಡನೆಯ ಬಟ್ಟಲು

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಎಂಟು ವರ್ಷದ ಗಿಣಿ ಮಂಚದ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಒಂದು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಎದುರಿಗೆ ಒಂದು ಬಟ್ಟಲು, ಅದರಲ್ಲಿ ಬಾಳೆಹಣ್ಣು, ಚಾಕೊಲೇಟು ಕಿವುಚಿದ ಕಂದು ಬಣ್ಣದ ಮುದ್ದೆ.

ಅದರಲ್ಲಿ ಕಡಲೆಕಾಯಿ ಇದೆಯೋ ಇಲ್ಲವೋ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಇನ್ನೊಂದು. ಯಾವುದೋ ಒಂದರಲ್ಲಿ ಮಾತ್ರ ಕಡಲೆಕಾಯಿ ಹಿಟ್ಟು. ಯಾವುದರಲ್ಲಿ ಎಂಬುದು ಕಲಸಿದ ಅಡುಗೆಮನೆಯವರಿಗಷ್ಟೇ ಗೊತ್ತು.

ಎರಡು ವರ್ಷದವಳಿದ್ದಾಗ ಗಿಣಿ ಒಂದೇ ಒಂದು ಕಡಲೆಬೀಜ ತಿಂದು ತುಟಿ ಊದಿಕೊಂಡು, ಉಸಿರು ಸಿಗದೆ ನೀಲಿಯಾಗಿದ್ದಳು. ಅಂದಿನಿಂದ ಅವಳ ತಾಯಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಬಸ್ಸಿನ ಸೀಟು ಒರೆಸಿಯೇ ಮಗಳನ್ನು ಕೂರಿಸುವಳು. ಉಸಿರು ಕಟ್ಟಿದರೆ ತಕ್ಷಣ ಚುಚ್ಚಲು ಬ್ಯಾಗಿನಲ್ಲಿ ಸದಾ ಎರಡು ಇಂಜೆಕ್ಷನ್. ಈಗ ರಕ್ತಪರೀಕ್ಷೆಯ ಅಂಕಿ ಇಳಿದಿದೆ, ಅಲರ್ಜಿ ಹೋಗಿರಬಹುದು ಎಂದು ಡಾಕ್ಟರು ಹೇಳಿದ್ದರು. 'ಹೋಗಿರಬಹುದು' ಎನ್ನುವ ಮಾತನ್ನು ನೆಚ್ಚಿಕೊಂಡು ಮಗಳ ಬಾಯಿಗೆ ಚಮಚ ಇಡುವುದು ಹೇಗೆ?

ಮೊದಲ ಚಮಚ ಒಳಗೆ ಹೋಯಿತು. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು, ಸ್ವಲ್ಪ ದೊಡ್ಡದು.

"ತುರಿಸ್ತಿದೆಯಾ ಕಂದಾ?"

"ಇಲ್ಲಮ್ಮ."

"ನಾಲಿಗೆ? ಹೊಟ್ಟೆ?"

"ಇಲ್ಲ ಅಂದ್ನಲ್ಲ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದವನು ತಾಯಿಯ ತಮ್ಮ, ಗಿಣಿಯ ಸೋದರಮಾವ, ಬಸ್ ಡ್ರೈವರು. ರಜೆ ಹಾಕಿ ಜೊತೆಗೆ ಬಂದಿದ್ದ. "ಅಕ್ಕಾ, ನಿನ್ನ ಮುಖ ನೋಡ್ತಾ ನೋಡ್ತಾ ನನಗೇ ಬೆನ್ನು ತುರಿಸೋಕೆ ಶುರುವಾಯ್ತು. ನನಗೂ ಒಂದು ಮಂಚ ಕೊಡಿಸ್ತೀರಾ ಸಿಸ್ಟರ್?"

ಗಿಣಿ ಕಿಸಕ್ಕನೆ ನಕ್ಕಳು. ತಾಯಿ ನಗಲಿಲ್ಲ.

ಮೂರನೆಯ ಚಮಚದ ಬಳಿಕ ಗಿಣಿ ತಾಯಿಯ ಮುಖವನ್ನೇ ನೋಡಿದಳು. ಕೈ ಕತ್ತಿಗೆ ಹೋಯಿತು. "ಅಮ್ಮಾ, ಗಂಟಲು ಒಂಥರಾ ಬಿಗೀತಿದೆ."

ಡಾಕ್ಟರು ಏಳುವಷ್ಟರಲ್ಲಿ ತಾಯಿಯ ಕೈಯಲ್ಲಿ ಇಂಜೆಕ್ಷನ್ ಇತ್ತು.

"ತಡೀರಿ," ಎಂದರು ಡಾಕ್ಟರು. ಬಾಯಿ ತೆರೆಸಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಅಂಗಿ ಎತ್ತಿ ಬೆನ್ನು ನೋಡಿದರು. ಒಂದು ದದ್ದೂ ಇಲ್ಲ. ಉಸಿರು ಸರಾಗ. ಕ್ಲಿಪ್ಪಿನ ಅಂಕಿ ಕದಲಿಲ್ಲ. ಹತ್ತು ನಿಮಿಷದಲ್ಲಿ ಬಿಗಿತ ತಾನಾಗಿ ಇಳಿಯಿತು. ಉಳಿದ ಚಮಚಗಳೂ ಮುಗಿದವು, ಆದರೆ ಪ್ರತಿ ಸಲವೂ ಗಿಣಿ ಮೊದಲು ಅಮ್ಮನ ಮುಖ ನೋಡಿಯೇ ಬಾಯಿ ತೆರೆದಳು.

"ಮಧ್ಯಾಹ್ನ ನೀವು ಹೊರಗಿರಿ ಅಮ್ಮಾ," ಎಂದರು ಡಾಕ್ಟರು ಮೆಲ್ಲಗೆ. "ಮಾಮ ಒಳಗಿರಲಿ."

"ನಾನಾ? ಹೊರಗಾ?"

ಸಿಟ್ಟು ನೆತ್ತಿಗೇರಿತು. ಆದರೆ ಅವಳ ಕೆಲಸವೇ ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು. ಸೂಕ್ಷ್ಮ ತಕ್ಕಡಿಯ ಮೇಲೆ ಬಗ್ಗಿ ಉಸಿರು ಬಿಟ್ಟರೆ ಅದು ತಪ್ಪು ತೂಕ ತೋರಿಸುತ್ತದೆಂದು ಎಷ್ಟು ಜನರಿಗೆ ಅವಳೇ ಗದರಿದ್ದಳು! ಇಂಜೆಕ್ಷನ್‌ಗಳನ್ನು ತಮ್ಮನ ಕೈಗಿಟ್ಟಳು.

"ಬಸ್ ಓಡಿಸೋದು ಇದಕ್ಕಿಂತ ಸುಲಭ ಕಣಕ್ಕಾ," ಎಂದ ಅವನು. ಈಗ ಅವನ ಮುಖದಲ್ಲೂ ನಗೆಯಿರಲಿಲ್ಲ.

ಮಧ್ಯಾಹ್ನ. ಕಾರಿಡಾರಿನ ಬೆಂಚು, ಮುಚ್ಚಿದ ಬಾಗಿಲು. ಮಂಜುಗಾಜಿನಾಚೆ ನೆರಳುಗಳಷ್ಟೇ ಕಾಣುತ್ತಿದ್ದವು. ಒಳಗೆ ಮಾತು ಕೇಳಿದರೆ ಏನಾಯಿತೋ ಎಂಬ ದಿಗಿಲು, ಕೇಳದಿದ್ದರೆ ಇನ್ನೂ ದಿಗಿಲು. ಹಗ್ಗ ಕಂಡರೂ ಹಾವು ಎನ್ನುವ ಮನಸ್ಸಿಗೆ ಬೆಳಗಿನ ಗಂಟಲ ಬಿಗಿತ ಸಾಕಾಗಿತ್ತು. ಬೆಳಗಿನದರಲ್ಲೇ ಕಡಲೆಕಾಯಿ ಇದ್ದದ್ದು, ಹೀಗಾಗಿ ಈಗಿನದು ಬರೀ ಬಾಳೆಹಣ್ಣು ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಬೆಂಚು ಬೆಚ್ಚಗಾಗುವವರೆಗೂ ಬಾಳಲಿಲ್ಲ.

ಬಾಗಿಲು ದಢಾರನೆ ತೆರೆದು ನರ್ಸು ಓಡಿಬಂದಳು. ತಾಯಿ ಬೆಂಚಿನಿಂದೆದ್ದು ಅಡ್ಡ ನಿಂತಳು. "ಏನಾಯ್ತು? ಏನಾಯ್ತು ಹೇಳ್ರೀ!"

"ಒರೆಸೋ ಬಟ್ಟೆ ಬೇಕಿತ್ತು. ನಿಮ್ಮ ತಮ್ಮ ಚೊಂಬು ನೀರೆಲ್ಲ ಚೆಲ್ಲಿದ್ರು."

ಒಳಗಿನಿಂದ ಗಿಣಿಯ ದನಿ ಕೇಳಿಬಂತು: "ಮಾಮ, ಬಸ್ಸೂ ಹಿಂಗೇ ಓಡಿಸ್ತೀಯಾ?"

ಕೊನೆಯ ಚಮಚ ಮುಗಿದು, ಕಾಯುವ ಎರಡು ಗಂಟೆಯೂ ಕಳೆದ ಮೇಲೆ ಅವಳನ್ನು ಒಳಗೆ ಕರೆದರು. ಡಾಕ್ಟರು ಅಡುಗೆಮನೆಗೆ ಫೋನು ಮಾಡಿ ಕೇಳಿಸಿಕೊಂಡರು, ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡರು.

"ಬೆಳಿಗ್ಗೆ ಬರೀ ಬಾಳೆಹಣ್ಣು. ಕಡಲೆಕಾಯಿ ಇದ್ದದ್ದು ಈಗಿನದರಲ್ಲಿ."

ತಮ್ಮ "ಹೋಯ್!" ಎಂದು ಕೂಗಿ ಗಿಣಿಯನ್ನು ಎತ್ತಿಕೊಂಡ. ತಾಯಿ ನಿಂತಲ್ಲೇ ನಿಂತಳು. "ಹಾಗಾದ್ರೆ ಬೆಳಿಗ್ಗೆ ಗಂಟಲು ಬಿಗಿದದ್ದು? ಸುಳ್ಳಾ?"

"ಸುಳ್ಳಲ್ಲ. ಅವಳಿಗೆ ನಿಜವಾಗ್ಲೂ ಬಿಗೀತು. ಹೆದರಿಕೆಗೂ ಗಂಟಲು ಬಿಗಿಯುತ್ತೆ ಅಮ್ಮಾ." ಡಾಕ್ಟರು ಮುಂದುವರಿಸಿದರು, "ಇನ್ನು ವಾರಕ್ಕೆ ಎರಡು ಸಲವಾದ್ರೂ ಕಡಲೆಕಾಯಿ ತಿನ್ನಿಸಬೇಕು. ಬಿಟ್ರೆ ಅಲರ್ಜಿ ಮರಳಿ ಬರೋದೂ ಉಂಟು. ಇಂಜೆಕ್ಷನ್ ಸದ್ಯಕ್ಕೆ ಬ್ಯಾಗಲ್ಲೇ ಇರಲಿ."

ಇಷ್ಟು ವರ್ಷ ಈ ಕೈ ತಳ್ಳಿದ್ದನ್ನು ಇನ್ನು ಈ ಕೈಯೇ ತಿನ್ನಿಸಬೇಕು. ಗಿಣಿ ಮಾಮನ ಹೆಗಲ ಮೇಲಿಂದ ಅಭ್ಯಾಸದಂತೆ ಅಮ್ಮನ ಮುಖ ನೋಡಿದಳು. ನಾಲಿಗೆಯ ತುದಿಗೆ ಬಂದ 'ತುರಿಸ್ತಿದೆಯಾ?' ಎಂಬ ಪ್ರಶ್ನೆಯನ್ನು ತಾಯಿ ನುಂಗಿ ಡಾಕ್ಟರ ಕಡೆ ತಿರುಗಿದಳು.

"ಎಷ್ಟಿತ್ತು ಹಿಟ್ಟು? ಒಟ್ಟು?"

"ಎಂಟು ಗ್ರಾಂ. ಹತ್ತಕ್ಕೂ ಹೆಚ್ಚು ಬೀಜದಷ್ಟು."